ಮೂವತ್ತೊಂದನೆಯ ದಿನ

ಗೋಪಿನಾಥ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಮಗಳನ್ನೂ ಹೊಡೆದವನಲ್ಲ. ಅವನು ಗೋಡೆಗೆ ಹೊಡೆಯುತ್ತಿದ್ದ. ಅಮೆರಿಕದ ಮನೆಗಳ ಒಳಗೋಡೆ ಗಟ್ಟಿಯಿಲ್ಲ. ಮೇಲೊಂದು ಬೆರಳು ದಪ್ಪದ ಹಲಗೆ, ಒಳಗೆಲ್ಲ ಟೊಳ್ಳು. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದ ಅವನ ಮನೆಯಲ್ಲಿ ಹನ್ನೊಂದು ವರ್ಷಗಳಲ್ಲಿ ನಾಲ್ಕು ಸಲ ಮುಷ್ಟಿಯಗಲದ ತೂತು ಬಿದ್ದಿತ್ತು. ನಾಲ್ಕು ಸಲವೂ ಮರುದಿನ ಅವನೇ ಅಂಗಡಿಗೆ ಹೋಗಿ ಹಲಗೆಯ ತುಂಡು, ಬಣ್ಣ ತಂದು ಮುಚ್ಚಿದ. ಆ ಕೆಲಸದಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ ಬಂದವರಿಗೆ ಕಲೆ ಕಾಣುತ್ತಿರಲಿಲ್ಲ. ಹೆಂಡತಿ ಕಾತ್ಯಾಯಿನಿಗೆ ಮಾತ್ರ ನಾಲ್ಕೂ ಜಾಗ ಗೊತ್ತು.

ಅವನ ತಂದೆ ಮೈಸೂರಿನ ನಜರ್‌ಬಾದಿನಲ್ಲಿ ಗರಡಿ ಸಾಧನೆ ಮಾಡಿದ ಪೈಲ್ವಾನರು. ಮಗನನ್ನು ಆರು ವರ್ಷಕ್ಕೇ ಕುಸ್ತಿಯ ಮಟ್ಟಿಗಿಳಿಸಿ ಪಟ್ಟು ಕಲಿಸಿದರು. ಪಟ್ಟು ತಪ್ಪಿದರೆ ಬೆಲ್ಟಿನಲ್ಲಿ ಬಾರಿಸಿದರು. ಇಂಜಿನಿಯರಿಂಗ್ ಓದುವಾಗ ಕ್ಯಾಂಟೀನಿನಲ್ಲಿ ಯಾರೋ ತಟ್ಟೆ ತಳ್ಳಿದ ಎಂಬಷ್ಟಕ್ಕೆ ಗೋಪಿನಾಥ ಅವನ ಹೆಗಲ ಮೂಳೆ ಮುರಿದ. ಆಮೇಲೆ ನೌಕರಿ, ಮದುವೆ, ವೀಸಾ, ಮಗಳು ನಿಧಿ, ಗ್ರೀನ್ ಕಾರ್ಡ್ ಎಂದು ವರ್ಷಗಳು ಸಾಗಿದವು. ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿ ಅವನಷ್ಟು ತಾಳ್ಮೆಯವನಿಲ್ಲ ಎಂದು ಹೆಸರು. ಆ ತಾಳ್ಮೆ ಕಾರಿನ ಸ್ಟೇರಿಂಗ್ ಹಿಡಿದ ಕ್ಷಣ ಮುಗಿಯುತ್ತಿತ್ತು.

2021ರ ಆಗಸ್ಟಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ವರ್ಜೀನಿಯಾದಲ್ಲಿ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ಮೂವರೂ ವಾಪಸ್ಸು ಬರುತ್ತಿದ್ದರು. ವಾಷಿಂಗ್ಟನ್ನನ್ನು ಸುತ್ತುವ ಬೆಲ್ಟ್‌ವೇ ಬಿಟ್ಟು 95ನೇ ಹೆದ್ದಾರಿಗೆ ಸೇರುವಲ್ಲಿ ಬೆಳ್ಳಿ ಬಣ್ಣದ ಒಂದು ಪಿಕಪ್ ಟ್ರಕ್ಕು ಇಂಡಿಕೇಟರ್ ಕೂಡ ಹಾಕದೆ ಅವರ ಮುಂದೆ ನುಗ್ಗಿತು. ಗೋಪಿನಾಥ ಬ್ರೇಕ್ ಒತ್ತಿದ. ಕಾತ್ಯಾಯಿನಿಯ ತೊಡೆಯ ಮೇಲಿದ್ದ ಪ್ರಸಾದದ ಡಬ್ಬಿ ಕೆಳಗೆ ಬಿದ್ದು ಸಜ್ಜಿಗೆ ಚೆಲ್ಲಿತು.

ಅವನು ಹಾರ್ನ್ ಒತ್ತಿದವನು ಕೈ ತೆಗೆಯಲಿಲ್ಲ.

"ಬಿಡ್ರೀ, ಹೋಗ್ಲಿ. ನಾವು ಸ್ಲೋ ಆಗಿ ಹೋಗೋಣ" ಎಂದಳು ಕಾತ್ಯಾಯಿನಿ.

"ಇವನಪ್ಪನ ರೋಡಾ ಇದು?"

ಅವನು ಲೇನ್ ಬದಲಿಸಿ ಟ್ರಕ್ಕಿನ ಪಕ್ಕಕ್ಕೆ ಬಂದ. ಕಿಟಕಿ ಇಳಿಸಿ ಕೂಗಿದ, ಬೆರಳು ತೋರಿಸಿದ. ಟ್ರಕ್ಕಿನವನು ಅವರ ಕಡೆಗೆ ಗಾಡಿ ವಾಲಿಸಿದ. ಗೋಪಿನಾಥ ಹೋಲ್ಡರಿನಲ್ಲಿದ್ದ ಕಾಫಿ ಲೋಟವನ್ನು ಎತ್ತಿ ಬೀಸಿ ಎಸೆದ. ಅದು ಟ್ರಕ್ಕಿನ ಗಾಜಿಗೆ ಬಡಿದು ಒಡೆಯಿತು.

"ಅಪ್ಪಾ, ಪ್ಲೀಸ್ ಸ್ಟಾಪ್. ನಂಗೆ ಭಯ ಆಗ್ತಿದೆ" ಎಂದು ಹಿಂದಿನ ಸೀಟಿನಲ್ಲಿದ್ದ ಹನ್ನೆರಡು ವರ್ಷದ ನಿಧಿ ಅಳತೊಡಗಿದಳು. ಕಾತ್ಯಾಯಿನಿ ಅವನ ಮೊಣಕೈ ಹಿಡಿದು, "ನಿಮ್ಮ ಕಾಲಿಗೆ ಬೀಳ್ತೀನಿ, ಬಿಡಿ" ಎಂದಳು. ಅವನು ಕೈ ಕೊಡವಿಕೊಂಡ. ಟ್ರಕ್ಕು 175ನೇ ರಸ್ತೆಯ ಎಕ್ಸಿಟ್ ಹಿಡಿಯಿತು. ಅವರದೂ ಅದೇ ಎಕ್ಸಿಟ್. ಆದರೆ ಅವನು ಬೇಕೆಂದರೆ ನಿಧಾನಿಸಬಹುದಿತ್ತು. ನಿಧಾನಿಸಲಿಲ್ಲ. ಬಾಲ ಹಿಡಿದಂತೆ ಹಿಂದೆ ಹೋಗಿ, ಕೆಂಪು ದೀಪಕ್ಕೆ ಟ್ರಕ್ಕು ನಿಂತಾಗ ಅದರ ಎಡಕ್ಕೆ ತನ್ನ ಕಾರು ತಂದು ನಿಲ್ಲಿಸಿದ. ಈಗ ಕಾತ್ಯಾಯಿನಿಯ ಕಿಟಕಿ ಟ್ರಕ್ಕಿನವನ ಕಿಟಕಿಗೆ ಎದುರಾಗಿತ್ತು.

ಟ್ರಕ್ಕಿನವನು ಕೈ ಹೊರಗೆ ಚಾಚಿ ಎರಡು ಸಲ ಗುಂಡು ಹಾರಿಸಿದ.

ಮೊದಲನೆಯದು ಕಾರಿನ ಚಾವಣಿಯ ಅಂಚಿಗೆ ತಗಲಿತು. ಎರಡನೆಯದು ಕಿಟಕಿಯ ಗಾಜನ್ನು ಪುಡಿ ಮಾಡಿ ಕಾತ್ಯಾಯಿನಿಯ ಬಲತೋಳನ್ನು ಹೆಗಲ ಹತ್ತಿರ ಹೊಕ್ಕಿತು. ಅವಳು ಕಿರುಚಲಿಲ್ಲ. "ಅಯ್ಯೋ, ಕೈ" ಎಂದಳಷ್ಟೆ, ಬಾಗಿಲಿಗೆ ಸಿಕ್ಕಿಸಿಕೊಂಡವಳ ಹಾಗೆ. ತೋಳು ಮೊಣಕೈಗಿಂತ ಮೇಲೆಯೇ ಮಡಿಚಿಕೊಂಡು ಜೋತುಬಿದ್ದಿತ್ತು. ರಕ್ತ ಡ್ಯಾಶ್‌ಬೋರ್ಡಿಗೆ, ಹಿಂದೆ ಕೂತಿದ್ದ ನಿಧಿಯ ಮುಖಕ್ಕೆ, ಅವಳ ಹಲ್ಲಿನ ಕ್ಲಿಪ್ಪಿಗೂ ಸಿಡಿಯಿತು. ಟ್ರಕ್ಕು ಕೆಂಪು ದೀಪ ಮುರಿದು ಹೋಯಿತು. ಗೋಪಿನಾಥ ತನ್ನ ಪಂಚೆಯ ಶಲ್ಯವನ್ನು ಹೆಂಡತಿಯ ಕಂಕುಳಿನ ಕೆಳಗಿಂದ ಹಾಯಿಸಿ ಪೂರ್ತಿ ಬಲ ಹಾಕಿ ಬಿಗಿದ. ಆಂಬುಲೆನ್ಸು ಬರುವವರೆಗೆ ಒಂಬತ್ತು ನಿಮಿಷ ಅದನ್ನು ಬಿಗಿ ಹಿಡಿದೇ ಇದ್ದ. ಅವಳು ಬದುಕಿದ್ದು ಅದರಿಂದ ಎಂದು ಡಾಕ್ಟರು ಆಮೇಲೆ ಹೇಳಿದರು.

ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಅವಳ ತೋಳಿಗೆ ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿದರು. ಕೈ ಉಳಿಯಿತು, ಬಲ ಉಳಿಯಲಿಲ್ಲ. ಕೊನೆಯ ಎರಡು ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಡೇಕೇರ್ ಒಂದರಲ್ಲಿ ವರ್ಷ ತುಂಬದ ಕೂಸುಗಳನ್ನು ಎತ್ತಿ ಆಡಿಸುವುದು ಅವಳ ಕೆಲಸವಾಗಿತ್ತು. ಆ ಕೆಲಸ ಹೋಯಿತು.

ಪೊಲೀಸರು ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದಾಗ ಗೋಪಿನಾಥ ಹೇಳಿದ್ದು ಇಷ್ಟು: ಅವನು ನಮಗೆ ಅಡ್ಡ ಬಂದ, ನಾನೊಮ್ಮೆ ಹಾರ್ನ್ ಮಾಡಿದೆ, ಸಿಗ್ನಲ್ಲಿನಲ್ಲಿ ಗುಂಡು ಹೊಡೆದ. ಆಮೇಲೆ ಅವರು ನಿಧಿಯನ್ನು ಕೇಳಿದರು. ಅವಳು ಅಪ್ಪನ ಮುಖ ನೋಡಿ, "ನಾನು ಫೋನ್ ನೋಡ್ತಾ ಇದ್ದೆ, ಏನೂ ನೋಡಲಿಲ್ಲ" ಎಂದಳು. ಕಾತ್ಯಾಯಿನಿಗೆ ಎಚ್ಚರ ಬರುವ ಹೊತ್ತಿಗೆ ಹೇಳಿಕೆ ಬರೆದಾಗಿತ್ತು. ಅವಳು ಅದನ್ನು ತಿದ್ದಲಿಲ್ಲ. ಟ್ರಕ್ಕಿನವನು ಸಿಕ್ಕಲಿಲ್ಲ.

ಅಲ್ಲಿಂದ ಮುಂದೆ ಗೋಪಿನಾಥ ಬದುಕಿದ್ದು ಆ ಒಬ್ಬ ಮನುಷ್ಯನ ಜೊತೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೇ ಫೋನಿನಲ್ಲಿ ರಸ್ತೆ ಜಗಳದ ವಿಡಿಯೋಗಳನ್ನು ನೋಡುತ್ತಿದ್ದ: ಯಾರೋ ಯಾರನ್ನೋ ಕಾರಿನಿಂದ ಎಳೆದು ತುಳಿಯುವುದು, ಬೇಸ್‌ಬಾಲ್ ಬ್ಯಾಟಿನಲ್ಲಿ ಮಂಡಿ ಒಡೆಯುವುದು. ಊಟದ ಟೇಬಲ್ಲಿನಲ್ಲಿಯೂ ಫೋನು ಎದುರಿಗೆ. ತರಬೇತಿ ಪಡೆದು, ಬೆರಳಚ್ಚು ಕೊಟ್ಟು, ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ಕೊಂಡ. ಶನಿವಾರಗಳಂದು ಲಾರೆಲ್, ಜೆಸ್ಸಪ್, ಎಲ್ಕ್‌ರಿಡ್ಜ್‌ನ ಪಾರ್ಕಿಂಗ್ ಲಾಟುಗಳನ್ನು ಸುತ್ತಿ ಬೆಳ್ಳಿ ಬಣ್ಣದ ಪಿಕಪ್‌ಗಳನ್ನು ಹುಡುಕುತ್ತಿದ್ದ. ನಿಧಿ ಅವನ ಕಾರು ಹತ್ತುವುದನ್ನು ಬಿಟ್ಟಳು. ಸ್ಕೂಲಿಗೆ ಬಸ್ಸು, ಮಿಕ್ಕೆಲ್ಲ ಕಡೆಗೆ ನಡಿಗೆ.

2022ರ ಅಕ್ಟೋಬರಿನಲ್ಲಿ ಲಾರೆಲ್ಲಿನ ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ ಅಂಥದೊಂದು ಟ್ರಕ್ಕು ನಿಂತಿತ್ತು. ಬಂಪರಿನ ಮೇಲೆ ಅವನಿಗೆ ನೆನಪಿದ್ದ ಜಾಗದಲ್ಲಿಯೇ ಒಂದು ತಗ್ಗು. ಡ್ರೈವರ್ ಸೀಟಿನಲ್ಲಿ ಯಾರೋ ಕೂತಿದ್ದರು. ಪಿಸ್ತೂಲು ಮನೆಯಲ್ಲಿತ್ತು, ಅದೊಂದು ಪುಣ್ಯ. ಅವನು ಬಾಗಿಲು ಕಿತ್ತೆಳೆದು, ಕೂತವನ ಕೊರಳಪಟ್ಟಿಗೆ ಕೈ ಹಾಕಿ ಹೊರಗೆಳೆದ. ಮನುಷ್ಯ ಹಗುರಾಗಿ ಬಂದುಬಿಟ್ಟ. ಎಂಬತ್ತರ ಹತ್ತಿರದ ಮುದುಕ. ಮೂಗಿನಲ್ಲಿದ್ದ ಪ್ಲಾಸ್ಟಿಕ್ ನಳಿಕೆ ಕಿತ್ತು ಬಂತು, ಅದರ ತುದಿಯ ಆಮ್ಲಜನಕದ ಪುಟ್ಟ ಸಿಲಿಂಡರು ನೆಲಕ್ಕೆ ಬಿದ್ದು ಉರುಳಿತು. ಗೋಪಿನಾಥನ ಮುಷ್ಟಿ ಆಗಲೇ ಮೇಲೆದ್ದಿತ್ತು. ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಏನು ಬೇಕೋ ತಗೊ, ಹೊಡೀಬೇಡ" ಎಂದು ಏದುಸಿರಿನಲ್ಲಿ ಬೇಡಿದ.

ಗೋಪಿನಾಥ ಅವನನ್ನು ಸೀಟಿನಲ್ಲಿ ಕೂರಿಸಿದ. ನಳಿಕೆಯನ್ನು ಮೂಗಿಗೆ ಸೇರಿಸಲು ನೋಡಿದ. ಮೂರು ಸಲ ತಪ್ಪಿತು. ಮುದುಕ ತಾನೇ ಕಿತ್ತುಕೊಂಡು ಸಿಕ್ಕಿಸಿಕೊಂಡು, ಬಾಗಿಲು ಹಾಕಿ ಹೊರಟುಹೋದ. ಗೋಪಿನಾಥ ಅಲ್ಲೇ ಎರಡು ಕಾರುಗಳ ನಡುವೆ ಕೂತುಬಿಟ್ಟ.

ಅವನು ಮನೆಗೆ ಹೋಗಲಿಲ್ಲ. ನೇರ ಕೊಲಂಬಿಯಾದಲ್ಲೇ ಇದ್ದ ಕೇಶವಮೂರ್ತಿಗಳ ಮನೆಗೆ ಹೋದ. ಬೆಂಗಳೂರಿನ ಚಾಮರಾಜಪೇಟೆಯಿಂದ ಬಂದು ನೆಲೆಸಿದ್ದ ಈ ಅರವತ್ತಮೂರರ ಹಿರಿಯರು ಹತ್ತೊಂಬತ್ತು ವರ್ಷ ತಪ್ಪದೆ ಅಯ್ಯಪ್ಪ ಮಾಲೆ ಹಾಕಿದವರು. ಆ ಭಾಗದ ಮಾಲೆ ಹಾಕುವವರಿಗೆಲ್ಲ ಅವರೇ ಗುರುಸ್ವಾಮಿ. ಗೋಪಿನಾಥ ಮುದುಕನ ವಿಷಯವನ್ನೂ ಪಿಸ್ತೂಲಿನ ವಿಷಯವನ್ನೂ ಹೇಳಿದ.

"ಅಂಕಲ್, ನನ್ನ ತಲೇಲಿ ಇವನೊಬ್ಬನೇ ಇದಾನೆ. ಆಫೀಸಲ್ಲಿ, ಸ್ನಾನದಲ್ಲಿ, ಎಲ್ಲಾ ಕಡೆ. ನಲವತ್ತೊಂದು ದಿನ ಇವನನ್ನ ಬಿಟ್ಟು ದೇವರ ಹತ್ರ ಇರ್ಬೇಕು. ನಂಗೂ ಮಾಲೆ ಹಾಕಿ."

ಕೇಶವಮೂರ್ತಿಗಳು ಕೇಳಿದರು, "ಗನ್ ಎಲ್ಲಿದೆ?"

"ಮನೇಲಿ, ಲಾಕ್ ಮಾಡಿಟ್ಟಿದೀನಿ."

"ಅದು ಮನೇಲಿದ್ರೆ ಮಾಲೆ ಹಾಕಲ್ಲ. ಮಾರಿಬಿಡಿ. ಫೋನಲ್ಲಿ ಆಫೀಸು, ಮನೆಯವರ ಕಾಲ್ ಬಿಟ್ಟು ಬೇರೇನೂ ಇರ್ಬಾರ್ದು. ಮಾಂಸ, ಎಣ್ಣೆ ಇಲ್ಲ ಅನ್ನೋದು ಸುಲಭ. ಈ ವಿಡಿಯೋ ಬಿಡೋದು ಕಷ್ಟ. ನೋಡಿ, ಆಗುತ್ತಾ?"

"ಆಗುತ್ತೆ."

ಪಿಸ್ತೂಲನ್ನು ಕೊಂಡ ಅಂಗಡಿಗೇ ಮಾರಿದ. ನವೆಂಬರ್ ಹದಿನೇಳರ ಬೆಳಗಿನ ಜಾವ ಕೇಶವಮೂರ್ತಿಗಳು ಅವನ ಕೊರಳಿಗೆ ತುಳಸಿ ಮಣಿಯ ಮಾಲೆ ಹಾಕಿದರು. ಅಂದಿನಿಂದ ಅವನು ಗೋಪಿನಾಥನಲ್ಲ, ಸ್ವಾಮಿ. ಎದುರಿಗೆ ಬಂದವರೆಲ್ಲ ಅವನಿಗೂ ಸ್ವಾಮಿಯೇ. ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಸಂಜೆ ಮತ್ತೊಮ್ಮೆ. ಕಪ್ಪು ಪಂಚೆ, ಕಪ್ಪು ಅಂಗಿ. ಬೇಸ್‌ಮೆಂಟಿನಲ್ಲಿ ಚಾಪೆಯ ಮೇಲೆ ನಿದ್ರೆ. ತನ್ನ ಅಡುಗೆಯನ್ನು ತಾನೇ ಮಾಡಿಕೊಂಡ. ಹೊರಗೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಿ, ಇದು ಮೇರಿಲ್ಯಾಂಡು, ಎಂದು ಕೇಶವಮೂರ್ತಿಗಳು ಹೇಳಿದರೂ ಅವನು ಕೇಳಲಿಲ್ಲ. ಡಿಸೆಂಬರ್ ಮೊದಲ ವಾರಕ್ಕೆ ಹಿಮ್ಮಡಿ ಬಿರಿದು ರಕ್ತ ಒಸರಿ, ಬೇಸ್‌ಮೆಂಟಿನ ಮೆಟ್ಟಿಲುಗಳ ಮೇಲೆ ಕಂದು ಗುರುತುಗಳು ಬಿದ್ದವು. ದೇಹಕ್ಕೆ ಎಷ್ಟು ನೋವು ಕೊಟ್ಟರೆ ಅಷ್ಟು ದೇವರು ಹತ್ತಿರ ಬರುತ್ತಾನೆಂದು ಅವನು ನಂಬಿದ್ದಂತಿತ್ತು.

ಆದರೆ ಧ್ಯಾನಕ್ಕೆ ಕೂತರೆ ಅವನು ಕಂಡದ್ದು ಬೇರೆ. ಕಣ್ಣು ಮುಚ್ಚಿ ಶರಣು ಹೇಳತೊಡಗಿದ ಐದು ನಿಮಿಷಕ್ಕೆ ಟ್ರಕ್ಕಿನ ಕಿಟಕಿ ಇಳಿಯುತ್ತಿತ್ತು. ಅವನು ಆ ಮನುಷ್ಯನನ್ನು ಹೊರಗೆಳೆಯುತ್ತಿದ್ದ. ಹಲ್ಲು ಉದುರುವವರೆಗೆ ಮುಖವನ್ನು ಬಾಗಿಲಿಗೆ ಜಜ್ಜುತ್ತಿದ್ದ, ಕೊರಳ ಮೇಲೆ ಮಂಡಿಯೂರುತ್ತಿದ್ದ. ಕಣ್ಣು ಬಿಟ್ಟಾಗ ಎದುರಿಗೆ ದೀಪ, ವಿಭೂತಿ. ಬೆವರಿನಿಂದ ಅಂಗಿ ಒದ್ದೆ. ಫೋನಿನಲ್ಲಿ ವಿಡಿಯೋ ನೋಡದೆ ಮೂರು ವಾರವಾಗಿತ್ತು. ಈಗ ಒಳಗೇ ಓಡುತ್ತಿತ್ತು.

"ಕಣ್ಣು ಮುಚ್ಚಿದ್ರೆ ಅಯ್ಯಪ್ಪ ಬರಲ್ಲ ಸ್ವಾಮಿ, ಅವನೇ ಬರ್ತಾನೆ" ಎಂದು ಒಂದು ಸಂಜೆ ಭಜನೆ ಮುಗಿದ ಮೇಲೆ ಕೇಶವಮೂರ್ತಿಗಳಲ್ಲಿ ಹೇಳಿಕೊಂಡ.

"ಬಂದ್ರೆ ಬರ್ಲಿ. ನೀವು ಎದ್ದು ಹೋಗ್ಬೇಡಿ, ಅಷ್ಟೇ."

"ಬಂದವನನ್ನ ನಾನು ಸುಮ್ನೆ ಬಿಡಲ್ವಲ್ಲ ಸ್ವಾಮಿ."

ಕೇಶವಮೂರ್ತಿಗಳು ಅವನ ಕೈಗೆ ಪ್ರಸಾದ ಹಾಕಿ ಕಳಿಸಿದರು.

ಮನೆಯಲ್ಲಿ ಕಾತ್ಯಾಯಿನಿ ವ್ರತಕ್ಕೆ ಅಡ್ಡ ಬರಲಿಲ್ಲ, ಕೈ ಜೋಡಿಸಲೂ ಇಲ್ಲ. ಒಂದು ಬೆಳಿಗ್ಗೆ ಅವಳು ಔಷಧಿ ಬಾಟಲಿಯ ಮುಚ್ಚಳವನ್ನು ಎಡಗೈಯಿಂದ ತೆಗೆಯಲು ಹೆಣಗುತ್ತಿದ್ದಾಗ ಅವನು, "ಕೊಡಿ ಸ್ವಾಮಿ, ನಾನು ತೆಗೀತೀನಿ" ಎಂದ. ಅವಳು ಬಾಟಲಿಯನ್ನು ಕೊಡಲಿಲ್ಲ.

"ನನ್ನ ಸ್ವಾಮಿ ಅನ್ಬೇಡಿ."

"ವ್ರತದಲ್ಲಿ ಹಾಗೇ ಅಲ್ವಾ."

"ನಿಮಗೆ ದೇವರು ಹತ್ರ ಆಗ್ತಾನೋ ಇಲ್ವೋ ನಂಗೊತ್ತಿಲ್ಲ. ಒಂದೂಕಾಲು ವರ್ಷ ಆಯ್ತು. ಬಂದವರಿಗೆಲ್ಲ ಅವನು ಹೊಡೆದ, ಅವನು ಹೊಡೆದ ಅಂತೀರಿ. ನಾನು ನಿಮ್ಮ ಕಾಲಿಗೆ ಬೀಳ್ತೀನಿ ಅಂದಿದ್ದನ್ನ ಒಬ್ಬರಿಗಾದ್ರೂ ಹೇಳಿದೀರಾ?"

ಅವನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಕಣ್ಣು ಗೋಡೆಯತ್ತ ಹೋಯಿತು. ಅವಳದನ್ನು ನೋಡಿ, "ಹೊಡೀರಿ. ಇನ್ನೊಂದು ತೂತಾಗ್ಲಿ" ಎಂದಳು. ಅವನು ಬೇಸ್‌ಮೆಂಟಿಗೆ ಇಳಿದುಹೋಗಿ ಬಾಗಿಲು ಹಾಕಿಕೊಂಡ. ನೂರೆಂಟು ಶರಣುಗಳನ್ನು ಗಟ್ಟಿಯಾಗಿ ಕೂಗಿದ. ಮೇಲಿನ ಮನೆಗೆಲ್ಲ ಕೇಳಿಸಿತು.

ಡಿಸೆಂಬರ್ ಹದಿನೇಳು, ಶನಿವಾರ, ವ್ರತದ ಮೂವತ್ತೊಂದನೆಯ ದಿನ. ಸಂಜೆ ಐದಕ್ಕೆ ಕೇಶವಮೂರ್ತಿಗಳ ಮನೆಯಲ್ಲಿ ಅಯ್ಯಪ್ಪನ ಹದಿನೆಂಟು ಮೆಟ್ಟಿಲಿಗೆ ಮಾಡುವ ಪಡಿಪೂಜೆ. ಕರ್ಪೂರ, ತೆಂಗಿನಕಾಯಿ, ಬಾಳೆಹಣ್ಣು ತರಲು ಗೋಪಿನಾಥ ಮೂರು ಗಂಟೆಗೆ ಇಂಡಿಯನ್ ಅಂಗಡಿಗೆ ಹೋಗಿದ್ದ. ಚೀಲ ಹಿಡಿದು ಹೊರಗೆ ಬಂದಾಗ ಪಾರ್ಕಿಂಗ್ ಲಾಟಿನಲ್ಲಿ ಜನ ವೃತ್ತ ಕಟ್ಟಿ ನಿಂತಿದ್ದರು. ಹೆಚ್ಚಿನವರ ಕೈಯಲ್ಲಿ ಫೋನು ಮೇಲೆದ್ದಿತ್ತು.

ನಡುವೆ ಊಟ ತಲುಪಿಸುವ ಕೆಲಸದ ನರೆಗೂದಲಿನ ಇಥಿಯೋಪಿಯಾದವನೊಬ್ಬ ನೆಲದ ಮೇಲೆ ಬಿದ್ದಿದ್ದ. ಅವನ ಚೀಲದಿಂದ ಅನ್ನ, ಕುರ್ಮಾ ಡಾಂಬರಿನ ಮೇಲೆ ಚೆಲ್ಲಿತ್ತು. ಮೂವತ್ತು ದಾಟಿದ, ಆನೆಯಂಥ ಒಬ್ಬ ಅವನ ಪಕ್ಕೆಗೆ ಬೂಟುಗಾಲಿನಿಂದ ಒದೆಯುತ್ತಿದ್ದ. ಹಿಂದಕ್ಕೆ ತೆಗೆಯುತ್ತಿದ್ದ ತನ್ನ ಜೀಪಿಗೆ ಇವನು ಕಾರು ತಗಲಿಸಿದ ಎಂಬುದು ಕಾರಣ. ಒದೆ ಬಿದ್ದಾಗಲೆಲ್ಲ ಕೆಳಗಿದ್ದವನ ಬಾಯಿಂದ ಗಾಳಿ ಹೊರಬೀಳುವ ಸದ್ದು ಕೇಳುತ್ತಿತ್ತು, ಕೂಗಲ್ಲ.

ಗೋಪಿನಾಥ ಚೀಲವನ್ನು ನೆಲಕ್ಕಿಟ್ಟು ಬರಿಗಾಲಿನಲ್ಲಿ ನಡುವೆ ಹೋದ. ಮೂವತ್ತೊಂದು ದಿನದ ಅಭ್ಯಾಸಕ್ಕೆ ಬಾಯಿಗೆ ಬಂದದ್ದು ಕನ್ನಡವೇ: "ಸ್ವಾಮಿ, ಬಿಡಿ ಸ್ವಾಮಿ. ಸತ್ತುಹೋಗ್ತಾನೆ." ಎರಡೂ ಕೈ ಜೋಡಿಸಿ ನಿಂತ. ಜೀಪಿನವನು ಈ ಕಪ್ಪು ಬಟ್ಟೆಯ, ಹಣೆತುಂಬ ವಿಭೂತಿಯ ಗಡ್ಡದವನನ್ನು ಒಂದು ಕ್ಷಣ ನೋಡಿ ಅವನ ಬಾಯಿಗೆ ಗುದ್ದಿದ. ತುಟಿ ಸೀಳಿತು. ಗೋಪಿನಾಥ ಕೈ ಎತ್ತಲಿಲ್ಲ. "ಸ್ವಾಮಿ" ಎಂದ ಮತ್ತೆ. ಎರಡನೆಯ ಗುದ್ದು ಕಿವಿಗೆ ಬಿತ್ತು. ಆಗಲೂ ಕೈ ಎತ್ತಲಿಲ್ಲ. ಮೂರನೆಯ ಸಲ ಅವನು ಕೊರಳಿಗೆ ಕೈ ಹಾಕಿ ಎಳೆದಾಗ ಮಾಲೆ ಹರಿಯಿತು. ತುಳಸಿ ಮಣಿಗಳು ಡಾಂಬರಿನ ಮೇಲೆ ಪಟಪಟನೆ ಉದುರಿದವು.

ಆ ಸದ್ದಿನ ನಂತರ ತನಗೇನೂ ಕೇಳಿಸಲಿಲ್ಲ ಎಂದು ಗೋಪಿನಾಥ ಆಮೇಲೆ ಹೇಳುತ್ತಿದ್ದ. ಅವನು ತಗ್ಗಿ ಜೀಪಿನವನ ಸೊಂಟಕ್ಕೆ ಕೈ ಹಾಕಿದ. ಅಪ್ಪ ಬೆಲ್ಟಿನೇಟು ಕೊಟ್ಟು ಕಲಿಸಿದ ಪಟ್ಟು, ಮೂವತ್ತು ವರ್ಷದ ಮೇಲೂ ಮೈಯಲ್ಲಿತ್ತು. ಅಷ್ಟು ದೊಡ್ಡ ಮನುಷ್ಯ ಗಾಳಿಗೆದ್ದು ಬೆನ್ನಡಿಯಾಗಿ ಬಿದ್ದ. ಅಲ್ಲಿಗೆ ಎಲ್ಲ ಮುಗಿದಿತ್ತು; ಬಿದ್ದವನಿಗೆ ಉಸಿರೇ ಹಿಡಿದುಹೋಗಿತ್ತು. ಗೋಪಿನಾಥ ನಿಲ್ಲಿಸಲಿಲ್ಲ. ಎದೆಯ ಮೇಲೆ ಕೂತು ಎರಡೂ ಕೈಯಿಂದ ಮುಖಕ್ಕೆ ಹೊಡೆದ. ಕೆನ್ನೆಯ ಮೂಳೆ ಮುಷ್ಟಿಯ ಕೆಳಗೆ ಒಳಕ್ಕೆ ಕುಸಿಯಿತು. ಹಲ್ಲೊಂದು ಮುರಿದು ಅವನ ಬೆರಳ ಗೆಣ್ಣಿಗೆ ನಾಟಿಕೊಂಡಿತು, ಅದರ ಸಮೇತ ಹೊಡೆದ. ಗೋಪಿನಾಥನ ಬಾಯಿಂದ "ನನ್ನ ಹೆಂಡತಿ, ನನ್ನ ಹೆಂಡತಿ" ಎಂಬ ಮಾತು ಬರುತ್ತಿತ್ತು ಎಂದು ವಿಡಿಯೋ ನೋಡಿದವರು ಹೇಳಿದರು. ಕೆಳಗಿದ್ದವನ ಕೈ ಎರಡು ಸಲ ಮೇಲೆದ್ದು ಬಿದ್ದುಹೋಯಿತು.

ಕೊನೆಗೆ ಹಿಂದಿನಿಂದ ಅವನನ್ನು ತಬ್ಬಿ ಎಳೆದವನು ಆ ಇಥಿಯೋಪಿಯಾದವನೇ. ಮುರಿದ ಪಕ್ಕೆಯ ನೋವಿಗೆ ಅಳುತ್ತಲೇ ಎಳೆದ. "ಸಾಕು ಬ್ರದರ್, ಸಾಕು. ನೀನು ಅವನನ್ನ ಕೊಂದುಬಿಡ್ತೀಯ. ನೋಡು, ನೋಡು ಅವನನ್ನ."

ಗೋಪಿನಾಥ ನೋಡಿದ. ಕೆಳಗೊಂದು ಮುಖವಿತ್ತು, ಅದು ಮುಖದಂತಿರಲಿಲ್ಲ. ಬಾಯಿಯ ರಕ್ತದಲ್ಲಿ ಗುಳ್ಳೆಗಳು ಏಳುತ್ತಿದ್ದುದರಿಂದ ಉಸಿರಿದೆಯೆಂದು ಗೊತ್ತಾಗುತ್ತಿತ್ತು.

ಪೊಲೀಸರು ಬಂದು ಅವನನ್ನು ಬೋರಲು ಹಾಕಿ, ಬೆನ್ನ ಮೇಲೆ ಮಂಡಿಯಿಟ್ಟು ಕೈಗೆ ಬೇಡಿ ಹಾಕಿದರು. ಕೆನ್ನೆಯ ಕೆಳಗೆ ಚೆಲ್ಲಿದ ಅನ್ನ ಅಂಟಿಕೊಂಡಿತ್ತು. ಠಾಣೆಯ ಒಂದು ಸಣ್ಣ ಕೋಣೆಯಲ್ಲಿ, ಬಿರಿದ ಹಿಮ್ಮಡಿಗಳನ್ನು ಸಿಮೆಂಟಿನ ನೆಲಕ್ಕೆ ಊರಿ ಕೂತವನನ್ನು ಒಬ್ಬ ಮಹಿಳಾ ಅಧಿಕಾರಿ ಕೇಳಿದಳು. ಬೇಕಿದ್ದರೆ ವಕೀಲರು ಬರುವವರೆಗೆ ಮಾತಾಡಬೇಡ ಎಂದೂ ಹೇಳಿದಳು. ಅವನು ಮಾತಾಡುತ್ತೇನೆ ಎಂದ.

"ಅವನು ಬಿದ್ದ ಮೇಲೂ ಯಾಕೆ ಹೊಡೆದೆ?"

ಗೋಪಿನಾಥ ಉತ್ತರ ಹೇಳಲು ಬಾಯಿ ತೆರೆದ. ಬಂದದ್ದು ಹಿಂದಿನ ವರ್ಷದ ಆಗಸ್ಟಿನ ಭಾನುವಾರ. ಹಾರ್ನ್ ಒತ್ತಿ ಹಿಡಿದದ್ದು, ಕಾಫಿ ಎಸೆದದ್ದು, ಹೆಂಡತಿ ಕಾಲಿಗೆ ಬೀಳುತ್ತೇನೆ ಎಂದದ್ದು, ಮಗಳು ಅತ್ತದ್ದು, ಸಿಗ್ನಲ್ಲಿನಲ್ಲಿ ಹೋಗಿ ಪಕ್ಕಕ್ಕೇ ನಿಲ್ಲಿಸಿದ್ದು. ಪೊಲೀಸರಿಗೆ ಸುಳ್ಳು ಹೇಳಿದ್ದು. ಮಗಳು ತನ್ನ ಮುಖ ನೋಡಿ ಸುಳ್ಳು ಹೇಳಿದ್ದು. ಒಂದೊಂದನ್ನೂ ಬಿಡದೆ ಹೇಳಿದ. ಆ ಕೇಸೇ ಬೇರೆ, ಈ ಕೇಸೇ ಬೇರೆ ಎಂದು ಅಧಿಕಾರಿ ಒಮ್ಮೆ ತಡೆದಳು. ಆಮೇಲೆ ತಡೆಯಲಿಲ್ಲ, ಬರೆದುಕೊಂಡಳು.

ಕರೆದಾಗ ಕೋರ್ಟಿಗೆ ಬರಬೇಕೆಂಬ ಷರತ್ತಿನ ಮೇಲೆ ರಾತ್ರಿ ಹತ್ತಕ್ಕೆ ಅವನನ್ನು ಬಿಟ್ಟರು. ಹೊರಗೆ ಕೇಶವಮೂರ್ತಿಗಳ ಕಾರಿನ ಪಕ್ಕದಲ್ಲಿ ಕಾತ್ಯಾಯಿನಿ ನಿಂತಿದ್ದಳು. ಅವನು ಹತ್ತಿರ ಬಂದು, ಊದಿದ ತುಟಿಯಲ್ಲಿ, "ಅವತ್ತು ಅವನ ಹಿಂದೆ ಹೋದವನು ನಾನು. ನೀನು ಬೇಡ ಬೇಡ ಅಂದೆ. ನಿನ್ನ ಕೈ ಹೋಗಿದ್ದು ನನ್ನಿಂದ. ಒಳಗೆ ಎಲ್ಲಾ ಹೇಳಿ ಬಂದೆ" ಎಂದ.

ಕಾತ್ಯಾಯಿನಿ ಎಡಗೈಯಿಂದ ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಸೀಳಿದ ತುಟಿ ಮತ್ತೆ ಬಿಚ್ಚಿ ರಕ್ತ ಗಡ್ಡಕ್ಕಿಳಿಯಿತು. ಅವನು ಮುಖ ತಿರುಗಿಸಲಿಲ್ಲ. ಎಷ್ಟು ಸಲ ಹೊಡೆದಳೋ, ಕೇಶವಮೂರ್ತಿಗಳು ನೋಡಲಾರದೆ ಆಚೆ ತಿರುಗಿ ನಿಂತರು. ಕೈ ಸೋತ ಮೇಲೆ ಅವಳು, "ಹದಿನಾರು ತಿಂಗಳು ಕಾದೆ ಕಣ್ರೀ, ಹದಿನಾರು ತಿಂಗಳು" ಎಂದು ಕಾರಿನ ಬಾನೆಟ್ಟಿಗೆ ಒರಗಿ ಅತ್ತಳು.

ಮನೆಗೆ ಬಂದು ಗೋಪಿನಾಥ ನಿಧಿಯ ಕೋಣೆಯ ಬಾಗಿಲು ತಟ್ಟಿದ.

"ಪೊಲೀಸರಿಗೆ ನಿಜ ಹೇಳ್ದೆ ಪುಟ್ಟಿ. ನೀನು ಅವತ್ತು ಸುಳ್ಳು ಹೇಳೋ ಹಾಗೆ ಮಾಡಿದ್ದು ನಾನು. ನಿನ್ನ ತಪ್ಪಲ್ಲ."

ಅವಳು ಅವನ ಮುಖದ ಗಾಯ ನೋಡಿದಳು. "ಐ ಸಾ ದ ವಿಡಿಯೋ" ಎಂದಳು. "ನನ್ನ ಸ್ಕೂಲಲ್ಲಿ ಎಲ್ಲಾರೂ ನೋಡಿದಾರೆ." ಬಾಗಿಲು ಹಾಕಿಕೊಂಡಳು. ಅವಳು ಅವನೊಡನೆ ಸರಿಯಾಗಿ ಮಾತಾಡಿದ್ದು ಫೆಬ್ರವರಿಯಲ್ಲಿ, ಅದೂ ಗಣಿತದ ಒಂದು ಲೆಕ್ಕ ಕೇಳಲು.

ಜೀಪಿನವನ ಕೆನ್ನೆಮೂಳೆ ಎರಡು ಕಡೆ ಮುರಿದಿತ್ತು, ಮೂರು ಹಲ್ಲು ಹೋಗಿದ್ದವು. ಇಥಿಯೋಪಿಯಾದವನು ಕೋರ್ಟಿಗೆ ಬಂದು, ಇವನು ಬರದಿದ್ದರೆ ನಾನು ಸಾಯುತ್ತಿದ್ದೆ ಎಂದ. ಆಮೇಲೆ ಇವನೇ ಕೊಲ್ಲುತ್ತಿದ್ದ ಎಂದೂ ಹೇಳಿದ. ಎರಡೂ ನಿಜವಾಗಿತ್ತು. ಜೈಲಿನ ಬದಲು ಒಂದು ವರ್ಷ ಪ್ರೊಬೇಷನ್, ವಾರಕ್ಕೊಮ್ಮೆ ಕೋಪ ಹತೋಟಿಗೆ ತರುವ ತರಗತಿ ಎಂದು ತೀರ್ಮಾನವಾಯಿತು. ನೌಕರಿ ಹೋಯಿತು. ಐದು ತಿಂಗಳ ನಂತರ ಅದಕ್ಕಿಂತ ಚಿಕ್ಕದೊಂದು ಸಿಕ್ಕಿತು. ಗೋಪಿನಾಥ ವಕೀಲರ ಮೂಲಕ ಜೀಪಿನವನಿಗೆ ಕ್ಷಮೆ ಕೇಳಿ ಪತ್ರ ಬರೆದ. ಅದಕ್ಕೆ ಉತ್ತರ ಬರಲಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು, ಹೊಡೆದಾಟದ ಮರುದಿನವೇ, ಅವನು ಕೇಶವಮೂರ್ತಿಗಳ ಬಳಿ ಹೋಗಿ ಬೇರೊಂದು ಮಾಲೆ ಹಾಕಿರೆಂದು ಕೇಳಿದ್ದ. ಇನ್ನು ಹತ್ತೇ ದಿನ ಉಳಿದಿದೆ ಎಂದ.

"ದಾರ ಹರಿದ್ರೆ ಬೇರೆ ದಾರ ಹಾಕ್ತೀನಿ. ಅದಲ್ಲ ವಿಷ್ಯ" ಎಂದರು ಅವರು. "ನೀವು ಬಿದ್ದವನ ಮುಖ ಒಡೆದು ಬಂದಿದೀರಿ ಗೋಪಿನಾಥ್. ಈ ವರ್ಷ ಆಗಲ್ಲ." ಸ್ವಾಮಿ ಎನ್ನದೆ ಹೆಸರು ಹಿಡಿದು ಕರೆದದ್ದು ಅವನಿಗೆ ಎಲ್ಲ ಏಟಿಗಿಂತ ಹೆಚ್ಚು ತಗಲಿತು.

ಆದರೂ ಉಳಿದ ಹತ್ತು ದಿನಗಳನ್ನು ಅವನು ಬಿಡಲಿಲ್ಲ. ಮಾಲೆಯಿಲ್ಲದೆ, ಕಪ್ಪು ಬಟ್ಟೆಯಿಲ್ಲದೆ, ಯಾರೂ ಸ್ವಾಮಿ ಎನ್ನದೆ, ಐದಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿ ದೀಪದ ಮುಂದೆ ಕೂತ. ಈಗ ಕಣ್ಣು ಮುಚ್ಚಿದರೆ ಟ್ರಕ್ಕಿನವನು ಬರುತ್ತಿರಲಿಲ್ಲ. ರಕ್ತದ ಗುಳ್ಳೆಯೇಳುವ ಒಂದು ಬಾಯಿ ಬರುತ್ತಿತ್ತು. ನಳಿಕೆ ಕಿತ್ತ ಮುದುಕ ಬರುತ್ತಿದ್ದ. ಮಡಿಚಿ ಜೋತ ತೋಳು ಬರುತ್ತಿತ್ತು. ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ. ಅವನು ಎದ್ದು ಹೋಗದೆ ಕೂತು ಅತ್ತ. ಡಿಸೆಂಬರ್ ಇಪ್ಪತ್ತೇಳರಂದು ಉಳಿದವರೆಲ್ಲ ಇರುಮುಡಿ ಗಂಟು ಹೊತ್ತು ಗುಡಿಗೆ ಹೊರಟಾಗ ಅವನು ಕೇಶವಮೂರ್ತಿಗಳ ಅಡುಗೆಮನೆಯಲ್ಲಿ ಪಾತ್ರೆ ತೊಳೆದ.

ಮರುವರ್ಷ ನವೆಂಬರಿನಲ್ಲಿ ಮಾಲೆ ಹಾಕುವ ಮುನ್ನ ಅವನು ಕಾತ್ಯಾಯಿನಿಯನ್ನು ಕೇಳಿದ.

"ಹಾಕ್ಕೊಳ್ಳಿ. ಆದ್ರೆ ನನ್ನಿಂದ ಬೇಸ್‌ಮೆಂಟಿಗೆ ಓಡಿಹೋಗೋಕಲ್ಲ" ಎಂದಳು. "ಜಗಳ ಬಂದ್ರೆ ನಿಂತು ಮಾತಾಡ್ಬೇಕು."

ಅವರು ಆ ನಲವತ್ತೊಂದು ದಿನಗಳಲ್ಲಿ ಎರಡು ಸಲ ಜಗಳವಾಡಿದರು. ಎರಡು ಸಲವೂ ಅವನು ಅಡುಗೆಮನೆಯಲ್ಲೇ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಮಾತಾಡಿದ. ಈ ಸಲ ಹೊರಗೆ ಹೋಗುವಾಗ ಚಪ್ಪಲಿ ಹಾಕಿಕೊಂಡ.

ಇರುಮುಡಿ ಕಟ್ಟುವ ದಿನ ಮನೆಯವರು ಅಕ್ಕಿ ಹಾಕಬೇಕು. ಕಾತ್ಯಾಯಿನಿ ಎಡಗೈಯಲ್ಲಿ ಮೂರು ಹಿಡಿ ಹಾಕಿ, "ಹೋಗ್ಬನ್ನಿ" ಎಂದಳು. ನಿಧಿ ಫೋನು ಪಕ್ಕಕ್ಕಿಟ್ಟು ತಾನೂ ಒಂದು ಹಿಡಿ ಹಾಕಿದಳು. ಎಂಟು ಜನ ಒಂದು ವ್ಯಾನಿನಲ್ಲಿ ಐದೂವರೆ ಗಂಟೆ ಪ್ರಯಾಣ ಮಾಡಿ, ಉತ್ತರ ಕ್ಯಾರೊಲಿನಾದಲ್ಲಿ ಹದಿನೆಂಟು ಮೆಟ್ಟಿಲು ಕಟ್ಟಿಸಿದ್ದ ಒಂದು ಗುಡಿಗೆ ಹೋದರು. ಪೈನ್ ಮರಗಳ ನಡುವೆ, ಹಳೆಯ ಗೋದಾಮಿನಂಥ ಕಟ್ಟಡ. ಗೋಪಿನಾಥ ತಲೆಯ ಮೇಲೆ ಇರುಮುಡಿ ಹೊತ್ತು ಮೆಟ್ಟಿಲು ಹತ್ತಿ ಮೂರ್ತಿಯ ಮುಂದೆ ನಿಂತು ಕಣ್ಣು ಮುಚ್ಚಿದ. ಹಿಂದಿನವರು ತಳ್ಳುವವರೆಗೂ ಹಾಗೇ ನಿಂತಿದ್ದ.

ಊಟಕ್ಕೆ ಕೂತಾಗ ಕೇಶವಮೂರ್ತಿಗಳು ಕೇಳಿದರು, "ಹೇಗಿತ್ತು ಸ್ವಾಮಿ?"

ಅವನು ಎಲೆಯ ಮೇಲಿನ ಅನ್ನವನ್ನು ಕಲಸುತ್ತಾ ಯೋಚಿಸಿದ. "ದೇವರು ಕಂಡ ಅಂತ ಹೇಳಲ್ಲ ಸ್ವಾಮಿ. ಸ್ವಲ್ಪ ಹೊತ್ತು ಅಲ್ಲಿ ಯಾರೂ ಇರ್ಲಿಲ್ಲ. ನಾನು ಹೊಡೆದವರೂ ಇರ್ಲಿಲ್ಲ, ನಾನ್ಯಾರನ್ನೂ ಹುಡುಕ್ತಾನೂ ಇರ್ಲಿಲ್ಲ."

ಕೇಶವಮೂರ್ತಿಗಳು ಅವನ ಎಲೆಗೆ ಇನ್ನಷ್ಟು ಸಾರು ಬಡಿಸಲು ಹೇಳಿದರು.

ಗೋಪಿನಾಥನಿಗೆ ಈಗ ಐವತ್ತರ ಹತ್ತಿರ. ಹತ್ತಿರದ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ ಕಾತ್ಯಾಯಿನಿಗೆ ಸಿಕ್ಕಿದೆ. ಮಂಗಳವಾರ ಮತ್ತು ಗುರುವಾರ ಅವನು ಅವಳನ್ನು ಅಲ್ಲಿಗೆ ಬಿಡುತ್ತಾನೆ. ಕಥೆ ಮುಗಿಯುವವರೆಗೆ ಹಿಂದಿನ ಸಾಲಿನ ಸಣ್ಣ ಕುರ್ಚಿಯಲ್ಲಿ ಮಂಡಿ ಮಡಿಚಿಕೊಂಡು ಕೂತಿರುತ್ತಾನೆ.